ಆನೆಯ ಸುದ್ದಿ ಮೊದಲು ಯಾರಿಗೆ ತಲುಪಬೇಕು?

ವರ್ಷಕ್ಕೊಮ್ಮೆ, ಏಪ್ರಿಲ್-ಮೇ ತಿಂಗಳುಗಳಲ್ಲಿ, ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಗೆ ಕಾಡುಪ್ರಾಣಿಗಳ ಮೇಲೆ ಹಠಾತ್ತನೆ ಪ್ರೀತಿ ಉಕ್ಕುತ್ತದೆ. ಅಂತಿಮ ವರ್ಷದ ವಿದ್ಯಾರ್ಥಿಗಳು ಒಂದು ಜಿಪಿಎಸ್ ಬಿಲ್ಲೆ, ಒಂದು ಲೋರಾ ರೇಡಿಯೋ, ಒಂದು ಬ್ಯಾಟರಿ, ಇಷ್ಟನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂಡಿಸಿ, ಅದಕ್ಕೆ ‘ಅಲ್ಪಶಕ್ತಿಯ ನಿಸ್ತಂತು ವನ್ಯಜೀವಿ ಪತ್ತೆ ಸಾಧನ’ವೆಂದು ನಾಮಕರಣ ಮಾಡಿ ಪರೀಕ್ಷಕರ ಮುಂದಿಡುತ್ತಾರೆ. ಆನೆಯ ಪಾತ್ರವನ್ನು ಕಾಲೇಜಿನ ಮೈದಾನದಲ್ಲಿ ಸೈಕಲ್ ತುಳಿಯುವ ಸಹಪಾಠಿಯೊಬ್ಬ ನಿರ್ವಹಿಸುತ್ತಾನೆ. ಅಂಕಗಳು ಬರುತ್ತವೆ, ಡಬ್ಬಿ ಬೀರು ಸೇರುತ್ತದೆ. ಮಲೆನಾಡಿನ ಒಂದೇ ಒಂದು ಮಳೆಯನ್ನು ಕಾಣುವ ಭಾಗ್ಯವೂ ಅದಕ್ಕಿರುವುದಿಲ್ಲ.

ಈ ಸಂಶೋಧನೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ವಿದೇಶದಿಂದ ತರಿಸುವ ಒಂದು ಉಪಗ್ರಹ ಕಾಲರಿಗೆ ಲಕ್ಷಗಟ್ಟಲೆ ರೂಪಾಯಿ ತೆರಬೇಕಾದ ದೇಶದಲ್ಲಿ, ಕೆಲವು ನೂರು ರೂಪಾಯಿಗಳ ರೇಡಿಯೋ ಬಿಲ್ಲೆಯಿಂದ ಕೆಲಸ ಸಾಧಿಸಲು ಹೊರಟ ತರುಣರು ನಮಗೆ ಬೇಕಾದವರೇ. ನಮ್ಮ ತಕರಾರು ಆ ಸಾಧನ ಯಾರ ಕೊರಳಿಗೆ, ಯಾರ ಕಣ್ಣಿಗೆ ಎಂಬುದರ ಬಗ್ಗೆ.

ಪ್ರಾಣಿಗೆ ರೇಡಿಯೋ ತೊಡಿಸುವ ವಿದ್ಯೆ ಹೊಸತಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಕಾಡಿನಲ್ಲಿ ಕ್ರೇಗ್‌ಹೆಡ್ ಸಹೋದರರು 1961ರಲ್ಲೇ ಗ್ರಿಜ್ಲಿ ಕರಡಿಗಳಿಗೆ ಅದನ್ನು ತೊಡಿಸಿದ್ದರು. ಇಂದಿನ ವಿದ್ಯಾರ್ಥಿ ವರದಿಗಳು ತಪ್ಪದೆ ಉಲ್ಲೇಖಿಸುವುದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ‘ಜೀಬ್ರಾನೆಟ್’ ಯೋಜನೆಯನ್ನು. 2004ರಲ್ಲಿ ಕೀನ್ಯಾದ ಜೀಬ್ರಾಗಳಿಗೆ ಸೌರಫಲಕವಿದ್ದ ಕೊರಳಪಟ್ಟಿಗಳನ್ನು ತೊಡಿಸಲಾಯಿತು. ಎರಡು ಜೀಬ್ರಾಗಳು ಹತ್ತಿರ ಬಂದಾಗ ಪಟ್ಟಿಗಳು ತಮ್ಮ ದಾಖಲೆಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದುದರಿಂದ, ಒಂದರ ಸಮೀಪಕ್ಕೆ ಹೋದ ಸಂಶೋಧಕನಿಗೆ ಹಲವು ಪ್ರಾಣಿಗಳ ಜಾಡು ದೊರೆಯುವಂತಿತ್ತು. ಕಲ್ಪನೆ ಸೊಗಸಾದದ್ದು. ಆದರೆ ಅದು ಬಿಸಿಲು ಸುರಿಯುವ ಹುಲ್ಲುಗಾವಲು. ನಮ್ಮದು ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆ. ಇಲ್ಲಿ 2008ರಲ್ಲಿ ಕಾಳಿಂಗ ಸರ್ಪಗಳ ರೇಡಿಯೋ ಅಧ್ಯಯನ ಆರಂಭವಾದಾಗ, ಸಂಶೋಧಕರು ಕೈಯಲ್ಲಿ ಆಂಟೆನಾ ಹಿಡಿದು, ಇಂಬಳಗಳಿಗೆ ರಕ್ತ ಕೊಟ್ಟುಕೊಂಡು, ಹಾವಿನ ಹಿಂದೆ ಕಾಲ್ನಡಿಗೆಯಲ್ಲೇ ಅಲೆಯಬೇಕಾಯಿತು. ನೀರು ತುಂಬಿದ ಎಲೆ ರೇಡಿಯೋ ಅಲೆಯನ್ನು ನುಂಗುತ್ತದೆ. ಬಯಲಿನಲ್ಲಿ ಹಲವು ಕಿಲೋಮೀಟರ್ ಸಾಗುವ ಸಂಕೇತ, ದಟ್ಟ ಕಾಡಿನ ಕಣಿವೆಯಲ್ಲಿ ಕೆಲವು ನೂರು ಮೀಟರಿಗೇ ಸೋತು ನಿಲ್ಲಬಹುದು.

ಬ್ಯಾಟರಿಯ ಲೆಕ್ಕವನ್ನೂ ಒಮ್ಮೆ ಮಾಡಿ ನೋಡೋಣ. ವಿದ್ಯಾರ್ಥಿ ಮಿತ್ರರು ಪೆನ್ಸಿಲ್ ಹಿಡಿದೇ ಓದಲಿ. ಜಿಪಿಎಸ್ ಬಿಲ್ಲೆ 25 ಮಿಲಿ ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತದೆ, ಆಕಾಶ ತೆರೆದಿರುವಲ್ಲಿ 30 ಸೆಕೆಂಡಿಗೆ ಸ್ಥಳ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೊಮ್ಮೆ ಎಚ್ಚರಗೊಂಡರೆ ದಿನಕ್ಕೆ ಸುಮಾರು 5 ಮಿಲಿ ಆಂಪಿಯರ್-ಗಂಟೆ ಖರ್ಚು. 2400 ಮಿಲಿ ಆಂಪಿಯರ್-ಗಂಟೆಯ ಬ್ಯಾಟರಿ 480 ದಿನ ಬಾಳುತ್ತದೆಂದು ವರದಿಯಲ್ಲಿ ಬರೆಯಬಹುದು, ಬರೆಯುತ್ತಾರೆ ಕೂಡ. ಅದೇ ಬಿಲ್ಲೆಗೆ ತೊಯ್ದ ಮರಗಳ ಚಪ್ಪರದಡಿಯಲ್ಲಿ ಸ್ಥಳ ಹಿಡಿಯಲು 2 ನಿಮಿಷ ಬೇಕಾದರೆ ಆಯುಷ್ಯ 120 ದಿನಕ್ಕಿಳಿಯುತ್ತದೆ. ರೇಡಿಯೋದ ಖರ್ಚನ್ನು ಇನ್ನೂ ಸೇರಿಸಿಲ್ಲ. ಗಂಟೆಗೊಮ್ಮೆ ಸಾಲದು, ಐದು ನಿಮಿಷಕ್ಕೊಮ್ಮೆ ಬೇಕೆಂದರೆ ಹತ್ತೇ ದಿನ. ಗಂಟೆಗೊಮ್ಮೆ ಬರುವ ಸುದ್ದಿ ಪ್ರಬಂಧ ಬರೆಯುವವರಿಗೆ ಧಾರಾಳವಾಗಿ ಸಾಕು. ಮುಂಜಾನೆ ಆರು ಗಂಟೆಗೆ ತೋಟದ ಕಾಲುದಾರಿಗಿಳಿಯುವ ಕೂಲಿ ಹೆಂಗಸಿಗೆ ಅದು ಸಾಕೆ?

ಇನ್ನು ಕೊರಳಪಟ್ಟಿಯ ವಿಷಯ. ಆನೆ, ಹುಲಿ, ಚಿರತೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಚ್ಛೇದದಲ್ಲಿರುವ ಜೀವಿಗಳು. ಅನುಮತಿಯಿಲ್ಲದೆ, ಅರಿವಳಿಕೆ ನೀಡಬಲ್ಲ ಪಶುವೈದ್ಯರಿಲ್ಲದೆ ಅವುಗಳ ಮೈಮುಟ್ಟುವಂತಿಲ್ಲ, ಮುಟ್ಟಲೂಬಾರದು. ಪಳಗಿದವರ ಕೈಯಲ್ಲೂ ಪಟ್ಟಿ ನಿರುಪದ್ರವಿಯಲ್ಲ. 2023ರ ಮಳೆಗಾಲದಲ್ಲಿ ಕುನೋ ಉದ್ಯಾನದ ಚೀತಾಗಳು ಸತ್ತಾಗ, ಕಾಲರಿನಡಿಯ ಒದ್ದೆ ಚರ್ಮದಲ್ಲಿ ಗಾಯವಾಗಿ ಹುಳುಬಿದ್ದು ನಂಜೇರಿತೆಂಬ ಸಂಶಯವನ್ನು ತಜ್ಞರೇ ಎತ್ತಿದರು. ಉಳಿದವುಗಳ ಕಾಲರುಗಳನ್ನು ಆರೋಗ್ಯ ತಪಾಸಣೆಗಾಗಿ ಬಿಚ್ಚಬೇಕಾಯಿತು. ಹೀಗಿರುವಾಗ ಎಂಟನೆಯ ಸೆಮಿಸ್ಟರಿನ ನಾಲ್ಕು ಹುಡುಗರು ಸಿದ್ಧಪಡಿಸಿದ ಪಟ್ಟಿಗೆ ಕೊರಳು ಸಿಗುವುದೆಲ್ಲಿಂದ? ಕೊರಳೇ ಸಿಗದ ಪಟ್ಟಿಗಳನ್ನು ವರ್ಷವರ್ಷವೂ ತಯಾರಿಸಿ ಬಹುಮಾನ ಹಂಚುವುದನ್ನು ಸಂಶೋಧನೆಯೆಂದು ಕರೆಯಲು ನಮಗೆ ನಾಲಿಗೆ ಏಳದು.

ಅಣ್ಣಾಮಲೈ ಬೆಟ್ಟಗಳ ವಾಲ್ಪಾರೈಯನ್ನು ನೋಡಿ. ಚಹಾ ತೋಟಗಳ ನಡುವೆ ಆನೆಗಳು ಹಾದುಹೋಗುವ ಆ ಊರಿನಲ್ಲಿ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಆನೆಗಳಿಗೆ ಏನನ್ನೂ ತೊಡಿಸಲಿಲ್ಲ. ಕಾಡು ಬಲ್ಲವರು ಹಿಂಡಿನ ಹಿಂದೆ ನಡೆದು ಸುದ್ದಿ ತಂದರು. ಸಂಜೆಯ ಕೇಬಲ್ ಟಿವಿಯಲ್ಲಿ ಆ ಸುದ್ದಿ ಸಾಲಾಗಿ ಹರಿಯಿತು, ಬಳಿಕ ಮೊಬೈಲ್ ಸಂದೇಶವಾಯಿತು. ಆಯಕಟ್ಟಿನ ತಿರುವುಗಳಲ್ಲಿ ಕಂಬ ನೆಟ್ಟು ಕೆಂಪು ದೀಪ ಕಟ್ಟಿದರು. ಆನೆ ಸಮೀಪದಲ್ಲಿದ್ದರೆ ಊರಿನವರೇ ಮೊಬೈಲಿನಿಂದ ಅದನ್ನು ಹೊತ್ತಿಸುತ್ತಾರೆ. ಬಸ್ಸಿಳಿದು ಲೈನ್ ಮನೆಗೆ ನಡೆಯುವವನು ದೂರದಿಂದಲೇ ಕೆಂಪು ಕಂಡು ನಿಲ್ಲುತ್ತಾನೆ. ಅಲ್ಲಿ ಆನೆಯಿಂದಾಗುವ ಸಾವುಗಳು ಇಳಿದವು. ಈ ಕಾರ್ಯಕ್ಕಾಗಿ ಎಂ. ಆನಂದ ಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು.

ನಮ್ಮ ಹಾಸನ ಜಿಲ್ಲೆಯಲ್ಲಿ ಅರಣ್ಯ ಇಲಾಖೆ ಹಿಂಡಿನ ಹೆಣ್ಣಾನೆಗಳಿಗೆ ಕಾಲರ್ ತೊಡಿಸಿ ಮೊಬೈಲ್ ಸಂದೇಶ ಕಳಿಸುವ ವ್ಯವಸ್ಥೆ ಮಾಡಿದ್ದುಂಟು. ಒಳ್ಳೆಯದೇ. ಆದರೆ ಸಂದೇಶ ಬರಲು ಸಿಗ್ನಲ್ ಬೇಕು, ಬಂದದ್ದನ್ನು ಓದಲು ಅಕ್ಷರ ಬೇಕು. ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಕನ್ನಡದ ಎಚ್ಚರಿಕೆಯನ್ನು ಓದುವುದು ಹೇಗೆ? ಕಾಲರಿಲ್ಲದ ಒಂಟಿ ಸಲಗದ ಸುದ್ದಿ ಹೇಳುವವರಾರು? ಕೆಂಪು ದೀಪಕ್ಕಾದರೆ ಭಾಷೆಯ ಹಂಗಿಲ್ಲ.

ಅಲ್ಪಶಕ್ತಿಯ ರೇಡಿಯೋಗೆ ಯೋಗ್ಯವಾದ ಜಾಗ ಇದು. 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಅಲೆಪಟ್ಟಿಯನ್ನು ಸರ್ಕಾರ 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು, 2021ರಲ್ಲಿ 868ರವರೆಗೆ ವಿಸ್ತರಿಸಿತು. ನಿಗದಿತ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದು. ಸಿಮ್ ಬೇಡ, ಟವರ್ ಬೇಡ, ತಿಂಗಳ ಬಾಡಿಗೆ ಬೇಡ. ಗುಡ್ಡದ ಮೇಲಿನ ಶಾಲೆಯ ಮಾಡಿನಲ್ಲೊಂದು ಆಂಟೆನಾ, ಕಣಿವೆಯ ತಿರುವುಗಳಲ್ಲಿ ಹತ್ತು ದೀಪದ ಕಂಬಗಳು. ಕಷ್ಟವಿರುವುದು ಇಲ್ಲೇ, ಸಂಶೋಧನೆಯಿರುವುದೂ ಇಲ್ಲೇ. ಕಂಬದ ರೇಡಿಯೋ ಸದಾ ಕಿವಿದೆರೆದು ಕುಳಿತರೆ, ಹತ್ತು ಮಿಲಿ ಆಂಪಿಯರಿನಂತೆ ದಿನಕ್ಕೆ 240 ಮಿಲಿ ಆಂಪಿಯರ್-ಗಂಟೆ ನುಂಗಿ ಹತ್ತು ದಿನಕ್ಕೆ ಬ್ಯಾಟರಿ ಬರಿದಾಗುತ್ತದೆ. ನಿದ್ರಿಸಿದರೆ ಎಚ್ಚರಿಕೆ ತಪ್ಪುತ್ತದೆ. ಐದು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಕಣ್ಣು ತೆರೆದು, ಅಲೆಯ ಸುಳಿವಿದ್ದರೆ ಮಾತ್ರ ಪೂರ್ತಿ ಏಳುವಂತೆ ಅದನ್ನು ಪಳಗಿಸಬೇಕು. ಸೋನೆಯಲ್ಲಿ, ಪಾಚಿ ಕಟ್ಟಿದ ಸೌರಫಲಕದಡಿಯಲ್ಲಿ, ಇರುವೆ ಗೂಡು ಕಟ್ಟಿದ ಡಬ್ಬಿಯಲ್ಲಿ ಅದು ನಡೆಯಬೇಕು. ಪದವಿ ವಿದ್ಯಾರ್ಥಿಗೆ ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಯಾವುದಿದೆ?

ಆನೆಯ ನೆಲೆ ಊರಿಗೆಲ್ಲ ತಿಳಿದರೆ ಜನ ಪಟಾಕಿ ಹಿಡಿದು ನೆರೆಯುತ್ತಾರೆ ಎಂಬ ಆಕ್ಷೇಪವೊಂದುಂಟು. ಅದನ್ನು ತಳ್ಳಿಹಾಕಲಾಗದು. 2013ರಲ್ಲಿ ಪನ್ನಾದ ಕಾಲರ್ ತೊಟ್ಟ ಹುಲಿಯ ಜಾಡು ಬರುತ್ತಿದ್ದ ಇ-ಮೇಲ್ ಖಾತೆಗೆ ಯಾರೋ ಕನ್ನ ಹಾಕಲು ಯತ್ನಿಸಿದ್ದನ್ನು ನಾವು ಮರೆತಿಲ್ಲ. ಆ ಅಪಾಯವಿರುವುದು ನಕಾಶೆಯ ಮೇಲಿನ ಚುಕ್ಕೆಯಲ್ಲಿ. ತಾವು ದಾಖಲಿಸಿದ ಜಾಡನ್ನು ಬಿಟ್ಟಿ ಸರ್ವರಿಗೆ ಸುರಿದು, ಗುಪ್ತಪದವನ್ನೂ ಬದಲಿಸದೆ ಪ್ರದರ್ಶನಕ್ಕಿಡುವ ಯೋಜನೆಗಳಲ್ಲಿ. ಕೆಂಪು ದೀಪ ಹೇಳುವುದು ‘ಈ ದಾರಿ ಈಗ ಬೇಡ’ ಎಂದಷ್ಟೆ. ನೋಡಲು ಬರುವವನಿಗೆ ಅದರಲ್ಲಿ ವಿಳಾಸ ಸಿಗದು.

ಆದ್ದರಿಂದ ಕಾಲೇಜುಗಳ ಮುಖ್ಯಸ್ಥರಲ್ಲಿ ನಮ್ಮ ಆಗ್ರಹ: ಇಂತಹ ಯೋಜನೆಗಳನ್ನು ಆರನೆಯ ಸೆಮಿಸ್ಟರಿನಲ್ಲೇ ಆರಂಭಿಸಿ, ಕಂಬಗಳನ್ನು ಮೇ ತಿಂಗಳೊಳಗೆ ನೆಡಿಸಿ, ಪರೀಕ್ಷೆಯನ್ನು ಸೆಪ್ಟೆಂಬರಿನಲ್ಲಿ ನಡೆಸಿರಿ. ಯಾವ ತಿರುವಿನಲ್ಲಿ ಕಂಬ ಬೇಕೆಂಬುದನ್ನು ಗ್ರಾಮಸಭೆ ಹೇಳಲಿ. ಪರೀಕ್ಷಕರು ಮೊದಲು ಲೈನ್ ಮನೆಗಳ ಬಾಗಿಲಿಗೆ ಹೋಗಿ, ಆಟಿಯ ಮಳೆಯಲ್ಲಿ ಆನೆ ಬಂದ ರಾತ್ರಿಗಳೆಷ್ಟು, ದೀಪ ಉರಿದ ರಾತ್ರಿಗಳೆಷ್ಟು, ಆನೆಯಿಲ್ಲದೆಯೂ ಸುಮ್ಮನೆ ಉರಿದದ್ದೆಷ್ಟು ಎಂದು ವಿಚಾರಿಸಿಕೊಂಡು, ಆಮೇಲೆ ಅಂಕಪಟ್ಟಿ ಬಿಡಿಸಲಿ.