ಕಲ್ಯಾಣಕ್ಕೆ ಹೋದವರು ಬೀದರಿನ ಎರಡೂ ಝರಿಗಳಿಗೆ ಹೋಗಿಬನ್ನಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಂಧುಗಳಲ್ಲಿ ಒಂದು ವಿನಂತಿ. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಊರುಗಳಿಂದ ಕ್ರೂಸರ್ ಮಾಡಿಕೊಂಡು ಬಸವಕಲ್ಯಾಣಕ್ಕೆ ಹೋಗುವವರಿದ್ದಾರೆ. ಶರಣರ ನೆಲಕ್ಕೆ ಹಣೆ ಹಚ್ಚಿ, ಸಂಜೆಗೆ ಗಾಡಿ ಊರ ಕಡೆ ತಿರುಗಿಸುತ್ತಾರೆ. ಕಲ್ಯಾಣದಿಂದ ಬೀದರ ಸುಮಾರು 80 ಕಿ.ಮೀ. ಆ ದಾರಿಯನ್ನೂ ಸೇರಿಸಿಕೊಳ್ಳಿ.

ಹಿಂದೂಗಳೂ ಸಿಖ್ಖರೂ ಕೈಮುಗಿಯುವ ಊರೆಂದರೆ ಹಿಮಾಚಲದ ಮಣಿಕರಣ ಎನ್ನುತ್ತೇವೆ. ಪಾರ್ವತಿ ಹೊಳೆಯ ದಂಡೆಯಲ್ಲಿ ಕುದಿಯುವ ಬುಗ್ಗೆ, ಶಿವನ ಗುಡಿ, ಪಕ್ಕದಲ್ಲೇ ಗುರುದ್ವಾರ. ಗುರುದ್ವಾರದ ಊಟದ ಮನೆಯಾದ ಲಂಗರಿನ ಅನ್ನ ಆ ಬುಗ್ಗೆಯಲ್ಲೇ ಬೇಯುತ್ತದೆ. ಶಕ್ತಿ ಇದ್ದವರು ಖಂಡಿತ ಹೋಗಲಿ. ಆದರೆ ಅಂಥ ಊರು ನಮ್ಮ ಸೀಮೆಯಲ್ಲೇ ಇದೆ. ಮಂಡಿನೋವಿನ ಅವ್ವಂದಿರೂ ಅಲ್ಲಿಗೆ ಮುಟ್ಟಬಲ್ಲರು.

ಬೀದರಿನಲ್ಲಿ ಉಪ್ಪುನೀರು ಕುಡಿದು ಬೇಸತ್ತ ಜನರಿಗಾಗಿ ಗುರುನಾನಕರು ಪಾದದಿಂದ ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಎಂಬುದು ಸಿಖ್ಖರ ನಂಬಿಕೆ. ಅವರು ಬಂದದ್ದು 16ನೇ ಶತಮಾನದ ಆರಂಭದಲ್ಲಿ. ಆ ಝರಿಯೇ ನಾನಕ ಝೀರಾ. ಅದೇ ಊರಿನ ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದೇವರನ್ನು ಕಾಣುತ್ತಾರೆ. ಝರಾಸುರನನ್ನು ಕೊಂದ ನರಸಿಂಹ ಅವನ ಕೊನೆಯ ಬೇಡಿಕೆ ನಡೆಸಿ ಅಲ್ಲೇ ನಿಂತ, ಅಸುರ ನೀರಾಗಿ ದೇವರ ಪಾದದಲ್ಲಿ ಹರಿದ ಎಂದು ಕತೆ. ಕತೆ ಬೇರೆ ಬೇರೆ, ನೀರಿನ ಮೂಲ ಒಂದೇ ಬಗೆಯದು. ಬೀದರಿನ ಎತ್ತರದ ನೆಲಕ್ಕೆ ಕೆಂಪು ಜಂಬಿಟ್ಟಿಗೆಯ ಹೊದಿಕೆ ಇದೆ. ಮಳೆನೀರು ಅದರೊಳಗೆ ಇಂಗುತ್ತದೆ. ಕೆಳಗೆ ನೀರು ಬಿಡದ ಪದರ ತಾಗಿದ ಕಡೆ ಇಳಿಜಾರಿನ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬಹಮನಿ ಕಾಲದವರು ಬೀದರ ಪಕ್ಕದ ನೌಬಾದಿನಲ್ಲಿ ಕರೇಜ್ ಎಂಬ ಸುರಂಗ ಕಾಲುವೆ ತೋಡಿ ನೆಲದಡಿಯ ಇದೇ ನೀರನ್ನು ಹರಿಸಿಕೊಂಡರು. ಕೊಡ ನೀರಿಗೆ ಟ್ಯಾಂಕರ್ ಕಾದ ಬೇಸಿಗೆಗಳನ್ನು ಕಂಡ ನಮಗೆ ಆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಬಾಗೇವಾಡಿಯವರಿಗೆ ಬೀದರ ಇನ್ನೂ ಹತ್ತಿರದ್ದು. ಕ್ಷೌರ ವೃತ್ತಿಯ ಹಡಪದ ಸಮಾಜದವರು ತಮ್ಮ ಹಿರಿಯರೆಂದು ನೆನೆಯುವ ಹಡಪದ ಅಪ್ಪಣ್ಣನವರ ಊರು ಬಾಗೇವಾಡಿ ತಾಲ್ಲೂಕಿನ ಮಸಬಿನಾಳ. ಅಪ್ಪಣ್ಣನವರು ಅಲ್ಲಿಂದ ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಬಲಗೈಯಾದರು. ಐದು ಶತಮಾನ ಕಳೆದ ಮೇಲೆ, 1699ರ ವೈಶಾಖಿಯಂದು ಪಂಜಾಬಿನ ಆನಂದಪುರದಲ್ಲಿ ಸಿಖ್ಖರ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದುನಿಂತ ಐವರಲ್ಲಿ ಒಬ್ಬರು ಬೀದರಿನವರು, ಕ್ಷೌರಿಕ ಕುಲದವರು: ಭಾಯಿ ಸಾಹಿಬ್ ಸಿಂಗ್. ಚಮಕೌರ್ ಕಾಳಗದಲ್ಲಿ ಅವರು ಪ್ರಾಣ ಕೊಟ್ಟರು. ಪಂಜಾಬಿನ ಮನೆಮನೆಯೂ ನೆನೆಯುವ ಈ ಹೆಸರನ್ನು ನಮ್ಮ ಮಕ್ಕಳು ಕೇಳಿಯೇ ಇಲ್ಲವೆಂದರೆ ನನಗೆ ನೋವಾಗುತ್ತದೆ. ಶಾಲೆಯ ಪ್ರವಾಸಕ್ಕೆ ಪಟ್ಟಿ ಮಾಡುವ ಗುರುಗಳು ಮಸಬಿನಾಳವನ್ನೂ ಬೀದರನ್ನೂ ಒಂದೇ ಹಾಳೆಯಲ್ಲಿ ಬರೆಯಲಿ.

ಹೋದಾಗ ಕೆಲವು ಮಾತು ನೆನಪಿಡಿ. ನಾನಕ ಝೀರಾದ ಗುರುದ್ವಾರದಲ್ಲಿ ಚಪ್ಪಲಿ ಬಿಟ್ಟು ಕಾಲು ತೊಳೆದು, ಟವೆಲ್ಲೋ ಸೆರಗೋ ತಲೆಗೆ ಹೊದ್ದು ಒಳಗೆ ಹೋಗಿ. ಲಂಗರಿನಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ, ರೊಕ್ಕವನ್ನೂ ಕೇಳುವುದಿಲ್ಲ. ಉಣ್ಣುವಷ್ಟೇ ನೀಡಿಸಿಕೊಳ್ಳಿ, ಉಂಡಾದ ಮೇಲೆ ಅರ್ಧ ತಾಸು ತಾಟು ತೊಳೆಯಲು ಕೂತುಕೊಳ್ಳಿ. ದಾಸೋಹದ ನಾಡಿನವರಿಗೆ ಅದು ಹೊಸದಲ್ಲ. ಝರಣಿಯ ನೀರಿಗೆ ಸಾಬೂನು, ಶಾಂಪೂ ಚೀಟಿ, ಹೂವು, ಕಾಯಿಚಿಪ್ಪು, ಹಳೆ ಬಟ್ಟೆ ಏನನ್ನೂ ಬಿಡಬೇಡಿ. ನೀರಿನ ಬಾಟಲಿ ಖಾಲಿಯಾದರೆ ಗಾಡಿಯಲ್ಲೇ ಇರಲಿ. ಗುಹೆಯೊಳಗೆ ಗಾಳಿ ಕಡಿಮೆ, ಜನ ಹೆಚ್ಚು. ಉಬ್ಬಸದವರು, ಎದೆಬೇನೆಯವರು, ಎಳೆಮಕ್ಕಳು ಹೊರಗೇ ಕೈಮುಗಿದರೆ ಸಾಕು. ಒಳಗೆ ಬಿಡುವುದಿಲ್ಲ ಎಂದು ಅಲ್ಲಿಯವರು ಹೇಳಿದ ದಿನ ದೂರದಿಂದ ಬಂದಿದ್ದೇವೆಂದು ಜಗಳ ತೆಗೆಯಬೇಡಿ.

ಮಠದ ಅಪ್ಪಗಳೇ, ಮಹಿಳಾ ಸಂಘದ ಅಕ್ಕಂದಿರೇ, ಯಾತ್ರೆ ಹೊರಡಿಸುವ ತರುಣರೇ, ಈ ಸಲ ಕಲ್ಯಾಣಕ್ಕೆ ಗಾಡಿ ಗೊತ್ತು ಮಾಡುವಾಗ ಬೀದರನ್ನೂ ಸೇರಿಸಿಯೇ ಬಾಡಿಗೆ ಮಾತಾಡಿ.