ಪಾಸ್‌ಬುಕ್ ನೋಡಿ ಟೀಚರನ್ನ ಆರಿಸೋರಿಗೆ



ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಸಿಟ್ಟಲ್ಲೇ ಬರೀತಿದ್ದೀನಿ, ಮುಚ್ಚಿಡಲ್ಲ.

ನಮ್ಮಕ್ಕನ ಮಗಳು ಬಿ.ಇಡಿ ಎರಡನೇ ವರ್ಷ. ಅಕ್ಕ ಊರಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡ್ತಾಳೆ, ತಿಂಗಳ ಗೌರವಧನ ಇವತ್ತಿಗೂ ಐದು ಸಾವಿರ ಮುಟ್ಟಿಲ್ಲ. ಭಾವ ತೀರಿಕೊಂಡು ಆರು ವರ್ಷ. ಹುಡುಗಿ ಓದ್ತಿರೋ ಖಾಸಗಿ ಕಾಲೇಜಿನವರು ಹೋದ ವರ್ಷದಿಂದ ಹೊಸದೊಂದು ಶುರು ಮಾಡಿದ್ದಾರೆ. ಇಂಟರ್ನ್‌ಶಿಪ್ಪಿನ ಒಂದು ಸೆಮಿಸ್ಟರ್ ಫಿನ್ಲೆಂಡಿನ ಶಾಲೆಯಲ್ಲಂತೆ, ನಾಲ್ಕು ತಿಂಗಳು. ಲಿಖಿತ ಪರೀಕ್ಷೆ, ಪಾಠದ ಡೆಮೊ, ಇಂಗ್ಲಿಷಿನಲ್ಲಿ ಸಂದರ್ಶನ, ಮೂರೂ ಮುಗಿದು ಪಟ್ಟಿ ಹಾಕಿದಾಗ ಮೊದಲನೇ ಹೆಸರು ಇವಳದು. ಕಾಲೇಜಿನ ಗೇಟಿಗೆ ಇವಳ ಫೋಟೊ ಇರೋ ಫ್ಲೆಕ್ಸ್ ಕಟ್ಟಿದರು. ಅಕ್ಕ ಒಂದು ದಿನ ಬಸ್ಸಲ್ಲಿ ಹೋಗಿ ಅದನ್ನ ನೋಡ್ಕೊಂಡು ಬಂದಳು.

ಆಮೇಲೆ ಹದಿನೈದು ದಿನದಲ್ಲಿ ನಾಲ್ಕೂವರೆ ಲಕ್ಷ ಕಟ್ಟಿ ಅಂದರು. ಎಲ್ಲಿಂದ ತರೋದು? ಹದಿನಾರನೇ ದಿನ ಫ್ಲೆಕ್ಸ್ ಬದಲಾಯ್ತು. ಐದನೇ ಸ್ಥಾನದಲ್ಲಿದ್ದ ಹುಡುಗ ಮೇಲೆ ಬಂದ. ಆ ಹುಡುಗನ ಮೇಲೆ ನನಗೇನೂ ಕೋಪ ಇಲ್ಲ, ಅವರಪ್ಪನಿಗೆ ಕಾಫಿ ತೋಟ ಇದೆ, ಅಷ್ಟೇ. ಕೇಳೋಕೆ ಹೋದ ನನಗೆ ಅಲ್ಲಿದ್ದವರು ಹೇಳಿದ್ದು: "ಮೆರಿಟ್ ಇದೆ ಸಾರ್, ಇಲ್ಲ ಅನ್ನಲ್ಲ. ಫಂಡ್ಸ್ ಇಲ್ವಲ್ಲ."

ನೋಡಿ ಇವರ ಮೆರಿಟ್! ಮೀಸಲಾತಿ ಅಂದ ತಕ್ಷಣ ಮೆರಿಟ್ ಸತ್ತೋಯ್ತು ಅಂತ ಎದೆ ಬಡ್ಕೊಳೋರು, ಅದೇ ಮೆರಿಟ್ ನಮ್ಮ ಹುಡುಗಿ ಹತ್ತಿರ ಬಂದ ದಿನ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದರು.

ಸರ್ಕಾರ ಇದೆಯಲ್ಲ ಅಂತೀರಾ? ಅದನ್ನೂ ನೋಡಿದ್ದಾಯ್ತು. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇಡೀ ದೇಶಕ್ಕೆ ವರ್ಷಕ್ಕೆ 125 ಜನಕ್ಕೆ. ಅದೂ ಹೊರದೇಶದಲ್ಲೇ ಸ್ನಾತಕೋತ್ತರ ಪದವಿ ಇಲ್ಲಾ ಪಿಎಚ್‌.ಡಿ ಮಾಡೋರಿಗೆ ಮಾತ್ರ. (2022ರಲ್ಲಿ ಅದಕ್ಕೂ ಕತ್ತರಿ ಹಾಕಿ, ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡೋದಾದ್ರೆ ದುಡ್ಡಿಲ್ಲ ಅಂದರು. ಜಾತಿ ವಿಷಯ ಹೊರಗೆ ಹೋಗಿ ಆಡ್ಬೇಡಿ ಅಂತ ಇದರರ್ಥ.) ಇಲ್ಲಿ ಬಿ.ಇಡಿ ಓದ್ತಾ ನಾಲ್ಕು ತಿಂಗಳು ಹೋಗಿಬರೋ ಹುಡುಗಿಗೆ ಅದರಲ್ಲಿ ಜಾಗವೇ ಇಲ್ಲ. ಇಲ್ಲಿನ ಕಚೇರಿಗೂ ಅರ್ಜಿ ಹಾಕಿದೆ. ಹಿಂಬರಹ ಬಂತು: ಸದರಿ ಮನವಿಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ನಾನೂ ಗುಮಾಸ್ತನೇ ಕಣ್ರೀ. ಈ ಸಾಲನ್ನು ಎಷ್ಟು ಜನಕ್ಕೆ ಟೈಪ್ ಮಾಡಿ ಕಳಿಸಿದ್ದೀನೋ ಲೆಕ್ಕ ಇಲ್ಲ. ಈ ಸಲ ನನ್ನ ವಿಳಾಸಕ್ಕೇ ಬಂತು.

ಇನ್ನು ಪರವಾನಗಿ. ಫಿನ್ಲೆಂಡಿಗೆ ಓದೋಕೆ ಹೋಗೋರು ತಿಂಗಳಿಗೆ 800 ಯೂರೋ ಲೆಕ್ಕದಲ್ಲಿ ಖಾತೆಯಲ್ಲಿ ಹಣ ತೋರಿಸಬೇಕು. ನಾಲ್ಕು ತಿಂಗಳಿಗೆ 3,200 ಯೂರೋ, ನಮ್ಮ ದುಡ್ಡಲ್ಲಿ ಮೂರು ಲಕ್ಷ ದಾಟುತ್ತೆ. ಅವತ್ತು ಅಕ್ಕನ ಪಾಸ್‌ಬುಕ್ಕಿನಲ್ಲಿ ಇದ್ದದ್ದು 2,140 ರೂಪಾಯಿ.

ಇದಕ್ಕಿಂತ ನೋವಾಗಿದ್ದು ನಮ್ಮವರೇ ಆಡಿದ ಮಾತು. ಸಂಘಟನೆಯಲ್ಲಿ ನನಗಿಂತ ಹಿರಿಯರು, ನಾನು ಅಣ್ಣ ಅಂತಲೇ ಕರೆಯೋರು. "ಕೇರಿ ಮಕ್ಕಳಿಗೆ ಪಾಠ ಹೇಳೋಕೆ ವಿಮಾನ ಹತ್ಬೇಕೇನಪ್ಪಾ? ಇವೆಲ್ಲ ಮೇಲ್ಜಾತಿಯವರ ಶೋಕಿ" ಅಂದರು.

ಅಣ್ಣಾ, ಆ ಹುಡುಗಿ ಯಾಕೆ ಹೊರಟಿದ್ದಳು ಅಂತ ಒಂದು ಸಲ ಕೇಳಿದ್ರಾ? ಅಕ್ಕ ಅಡುಗೆಗೆ ಸೇರಿದ ಮೊದಲ ವರ್ಷ ಮೇಲ್ಗೇರಿಯ ಒಂಬತ್ತು ಮಕ್ಕಳು ಮನೆಯಿಂದ ಡಬ್ಬಿ ತರೋಕೆ ಶುರು ಮಾಡಿದವು. ಹೆಡ್‌ಮಾಸ್ಟರು ನೋಡಿಯೂ ನೋಡದಂಗಿದ್ದರು. ಇವಳು ಅದೇ ಶಾಲೆಯಲ್ಲಿ ಮೂರನೇ ಕ್ಲಾಸು. ಅವ್ವ ಮಾಡಿದ ಸಾರನ್ನ ಪಕ್ಕದಲ್ಲಿ ಕೂತವನು ಮುಟ್ಟದೇ ಇರೋದನ್ನ ದಿನಾ ನೋಡ್ತಾ ಉಂಡವಳು. ಹಳೇ ಕತೆ ಅನ್ಬೇಡಿ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮದಲ್ಲಿ ಏನಾಯ್ತು? ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವರಾದ್ರು ಅಂತ ಟಿ.ಸಿ ತಗೊಂಡು ಮಕ್ಕಳನ್ನ ಬಿಡಿಸಿ, ಶಾಲೆಯನ್ನೇ ಖಾಲಿ ಮಾಡಿದರಲ್ಲ.

ಫಿನ್ಲೆಂಡಿನಲ್ಲಿ 1948ರಿಂದ ಶಾಲೆಯ ಪ್ರತಿ ಮಗುವಿಗೂ ಬಿಸಿಯೂಟ ಉಚಿತ. ಬಡವರಿಗೆ ಮಾತ್ರ ಅಂತಲ್ಲ, ಎಲ್ಲರಿಗೂ. ಇವಳು ನನಗೆ ಹೇಳಿದ್ದು: "ಮಾವ, ಅಲ್ಲಿ ಟೀಚರ್ರೂ ಮಕ್ಕಳ ಜೊತೆ ಕೂತು ಉಣ್ತಾರಂತೆ. ಅದೂ ಪಾಠದ ಭಾಗ ಅಂತೆ. ನಾನು ಅದನ್ನ ಕಣ್ಣಾರೆ ನೋಡ್ಬೇಕು." ಹಿಮ ನೋಡೋಕೆ ಹೊರಟವಳಲ್ಲ ಅಣ್ಣಾ. ಆ ದೇಶ ಸ್ವರ್ಗ ಅಂತಾನೂ ನಾನು ಹೇಳ್ತಿಲ್ಲ. ಅಲ್ಲಿನ ಮೂಲನಿವಾಸಿ ಸಾಮಿ ಮಕ್ಕಳು ವಸತಿ ಶಾಲೆಗಳಲ್ಲಿ ತಮ್ಮ ನುಡಿ ಕಳ್ಕೊಂಡರು. ಅದರ ಸತ್ಯ ಹೊರತೆಗೆಯೋಕೆ 2021ರಲ್ಲಿ ಆಯೋಗ ಮಾಡಿದರು. ಅದನ್ನೂ ನೋಡಿ ಬರಲಿ ಅಂತಲೇ ನಾನು ಅನ್ನೋದು.

ಬಾಬಾಸಾಹೇಬರು 1913ರಲ್ಲಿ ಹಡಗು ಹತ್ತಿದ್ದು ಬರೋಡಾ ಸಂಸ್ಥಾನದ ದುಡ್ಡಲ್ಲಿ. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ನಾಲ್ಕೂವರೆ ಲಕ್ಷ ಮೊದಲು ಕಟ್ಟು ಅಂತ ಸಯಾಜಿರಾವ್ ಗಾಯಕವಾಡರು ಅಂದಿದ್ದರೆ ನಾವು ಇವತ್ತು ಏನಾಗಿರ್ತಿದ್ವಿ?

ಈಗ ಹುಡುಗಿ ಎಲ್ಲಿದ್ದಾಳೆ? 2014ರ ಎನ್‌ಸಿಟಿಇ ನಿಯಮದ ಪ್ರಕಾರ ಬಿ.ಇಡಿಯಲ್ಲಿ 20 ವಾರ ಶಾಲೆಯಲ್ಲಿರಬೇಕು. ಅದನ್ನ ಕಾಲೇಜಿನವರದೇ ಟ್ರಸ್ಟಿನ ಶಾಲೆಯಲ್ಲಿ ಮುಗಿಸ್ತಿದ್ದಾಳೆ. ಟೀಚರ್ ರಜೆ ಹಾಕಿದ ಕ್ಲಾಸಿಗೆ ಕಾವಲು ಕೂರೋದು, ಹಾಜರಿ ಪುಸ್ತಕಕ್ಕೆ ಗೆರೆ ಹೊಡೆಯೋದು. ಬಿಟ್ಟಿ ಆಳು. ಅಲ್ಲಿಗೆ ಹೋದ ಹುಡುಗನ ಕೈಲಿ ಮಾತ್ರ ಇನ್ನೊಂದು ಸರ್ಟಿಫಿಕೇಟು ಇರುತ್ತೆ. ನಾಳೆ ಇಂಟರ್‌ನ್ಯಾಷನಲ್ ಸ್ಕೂಲುಗಳ ಸಂದರ್ಶನದಲ್ಲಿ ಅದೂ 'ಮೆರಿಟ್ಟೇ' ಆಗುತ್ತೆ.

ದುಡ್ಡಿಲ್ಲ ಅಂತ ಮಾತ್ರ ಯಾರೂ ಹೇಳ್ಬೇಡಿ. ನಮ್ಮ ಎಸ್‌ಸಿಎಸ್‌ಪಿ-ಟಿಎಸ್‌ಪಿ ಹಣದಲ್ಲಿ 2023-24ರ ಒಂದೇ ವರ್ಷ 11 ಸಾವಿರ ಕೋಟಿಗೂ ಮೇಲೆ ಗ್ಯಾರಂಟಿಗಳಿಗೆ ಹಂಚಿದರು. ಗ್ಯಾರಂಟಿ ಬೇಡ ಅಂತಿಲ್ಲ, ಅಕ್ಕನಿಗೂ ಎರಡು ಸಾವಿರ ಬರುತ್ತೆ. ಎಲ್ಲರಿಗೂ ಕೊಡೋದನ್ನ ಎಲ್ಲರ ದುಡ್ಡಲ್ಲಿ ಕೊಡಿ. ಆಯ್ಕೆಯಾದ ಎಸ್‌ಸಿ, ಎಸ್‌ಟಿ ಮಕ್ಕಳ ಒಂದು ಸೆಮಿಸ್ಟರಿನ ಖರ್ಚನ್ನ ಆ ಹಣದಿಂದ ಮುಂಗಡವಾಗಿ ಕಟ್ಟಿ. ಮತ್ತೆ, ಕೋರ್ಸಿನ ಭಾಗ ಅಂತ ಪರೀಕ್ಷೆ ಮಾಡಿ ಆರಿಸೋ ಕಾಲೇಜು ದುಡ್ಡಿಲ್ಲ ಅಂತ ಪಟ್ಟಿಯಿಂದ ಹೆಸರು ಹೊಡೆಯೋ ಹಾಗಿಲ್ಲ ಅಂತ ಆದೇಶ ಮಾಡಿ.

ಸೋಮವಾರ ಬೆಳಿಗ್ಗೆ 11 ಗಂಟೆಗೆ ಡಿ.ಸಿ ಆಫೀಸಿನ ಮುಂದೆ ಸೇರ್ತಿದ್ದೀವಿ, ಮನವಿ ಕೊಡೋಕೆ. ನೌಕರಿಯಲ್ಲಿದ್ದೀಯಾ, ಹುಷಾರು ಅಂತ ಫೋನ್ ಮಾಡೋರು ಮಾಡಿ. ನಾನು ಅವತ್ತು ರಜೆ ಹಾಕಿದ್ದೀನಿ. ಬಿ.ಇಡಿ, ಡಿ.ಇಡಿ ಮಕ್ಕಳಲ್ಲಿ ಹೀಗೇ ಆದವರಿದ್ದರೆ ಆಯ್ಕೆ ಪಟ್ಟಿಯ ಜೆರಾಕ್ಸ್ ತನ್ನಿ. ಗೇಟಿಂದ ಬಿಚ್ಚಿ ಬಿಸಾಕಿದ್ದ ಹಳೇ ಫ್ಲೆಕ್ಸನ್ನ ಅಕ್ಕ ಕೇಳಿ ಇಸ್ಕೊಂಡು ಬಂದು ಸೌದೆಗೆ ಹೊದಿಸಿದ್ದಳು. ತೊಳೆದಿಟ್ಟಿದ್ದಾಳೆ, ಅದನ್ನೂ ತರ್ತೀವಿ.

ಜೈ ಭೀಮ್.