ಸೀಟಿ ಊದದ ಗುರು

ನಿವೃತ್ತನಾದ ಮೇಲೆ ಸಂಜೆಯ ಹೊತ್ತು ಸವಳಂಗ ರಸ್ತೆಯಲ್ಲಿ ನವುಲೆಯ ಕ್ರೀಡಾಂಗಣದವರೆಗೆ ನಡೆದು ಬರುವುದು ನನ್ನ ನಿತ್ಯಕರ್ಮಗಳಲ್ಲಿ ಒಂದಾಗಿದೆ. ಕಳೆದ ತಿಂಗಳು ಒಂದು ದಿನ ಹೀಗೆಯೇ ಹೋಗಿ ಮನೆಗೆ ಬಂದಾಗ, ನಮ್ಮಲ್ಲಿಯೇ ಇದ್ದು ಕಾಲೇಜಿಗೆ ಹೋಗುತ್ತಿರುವ ನನ್ನ ತಮ್ಮನ ಮಗನು ಜಗುಲಿಯ ಮೇಲೆ ಮುಖ ಬಾಡಿಸಿಕೊಂಡು ಕುಳಿತಿದ್ದನು. ಕಾಲ್ಚೆಂಡಿನ ತಂಡಕ್ಕೆ ಸೇರಿ ಇನ್ನೂ ಇಪ್ಪತ್ತು ದಿನಗಳಾಗಿರಲಿಲ್ಲ. “ದೊಡ್ಡಪ್ಪ, ನಾಳೆಯಿಂದ ನಾನು ಮೈದಾನಕ್ಕೆ ಹೋಗುವುದಿಲ್ಲ” ಎಂದನು. ಕಾರಣವನ್ನು ಕೇಳಲು, ಹತ್ತು ಸುತ್ತು ಓಡಿ ಮುಗಿಸುವವರೆಗೆ ನೀರು ಮುಟ್ಟಕೂಡದೆಂದು ಶಿಕ್ಷಕರ ಕಟ್ಟಪ್ಪಣೆಯೆಂದೂ, ತಲೆ ಸುತ್ತಿ ಕುಳಿತುದಕ್ಕೆ ಎಲ್ಲರೆದುರಿನಲ್ಲಿ ಬೈಸಿಕೊಂಡೆನೆಂದೂ ಹೇಳಿದನು. “ಕಷ್ಟವಿಲ್ಲದೆ ಯಾವ ವಿದ್ಯೆ ಬಂದೀತಪ್ಪ?” ಎಂದು ನಾನು ಅಭ್ಯಾಸಬಲದಿಂದ ಉಪದೇಶಕ್ಕೆ ತೊಡಗಿದೆನು. “ನೀರು ಕೊಡದ ವಿದ್ಯೆ ಅದು ಯಾವುದೋ!” ಎಂದು ಒಳಗಿನಿಂದ ನನ್ನ ಮನೆಯಾಕೆಯ ಮಾತು ಕೇಳಿಬಂತು. ಉಪದೇಶ ಅಲ್ಲಿಗೆ ನಿಂತಿತು.

ಅದೇ ವಾರ, ಅಮೆರಿಕದ ಮಿನ್ನೆಸೋಟ ಸಂಸ್ಥಾನದಲ್ಲಿ ಬಹುಕಾಲದಿಂದ ನೆಲಸಿರುವ ನನ್ನ ಹಳೆಯ ಶಿಷ್ಯನೊಬ್ಬನು ಊರಿಗೆ ಬಂದವನು ನಮ್ಮ ಮನೆಗೂ ಬಂದನು. ಹುಡುಗನ ಸಂಗತಿಯನ್ನು ಕೇಳಿ, ತಾನಿರುವ ಸೀಮೆಯ ಒಬ್ಬ ಕ್ರೀಡಾಶಿಕ್ಷಕನ ವಿಷಯವನ್ನು ಹೇಳಿದನು. ಆತನ ಹೆಸರು ಜಾನ್ ಗಲಾರ್ಡಿ. ಶಿಷ್ಯನು ಹೋದ ಮೇಲೆ ನಾನೂ ಹುಡುಕಿ ಓದಿದೆನು. ಓದಿದುದನ್ನು ಈ ತಿಂಗಳು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಆಟದ ವಿಚಾರ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಮ್ಮ ಹುಡುಗರ ಕಾಲ್ಚೆಂಡಲ್ಲ. ಹೆಸರಿನಲ್ಲಿ ಕಾಲು ಇದ್ದರೂ ಕೆಲಸದ ಬಹುಭಾಗ ಕೈಯದು. ಇದು ಯೌಗಿಕವಲ್ಲ, ರೂಢಶಬ್ದವೆಂದು ವ್ಯಾಕರಣ ಓದಿದವರು ಸಮಾಧಾನ ಮಾಡಿಕೊಳ್ಳಬೇಕು. ನೂರು ಗಜದ ಬಯಲು. ಪಕ್ಷಕ್ಕೆ ಹನ್ನೊಂದು ಮಂದಿ. ಎರಡು ತುದಿಯೂ ಚೂಪಾದ ನೀಳ ಚೆಂಡು. ಚೆಂಡನ್ನು ಹಿಡಿದ ಪಕ್ಷವು ನಾಲ್ಕು ಪ್ರಯತ್ನಗಳಲ್ಲಿ ಹತ್ತು ಗಜ ಮುಂದುವರಿಯಬೇಕು. ಎದುರು ಪಕ್ಷದವರು ಮೈಮೇಲೆ ಬಿದ್ದು ಅವರನ್ನು ನೆಲಕ್ಕೆ ಕೆಡಹಬೇಕು. ಆದುದರಿಂದ ಶಿರಸ್ತ್ರಾಣ, ಭುಜಕವಚಗಳಿಲ್ಲದೆ ಯಾರೂ ಕಣಕ್ಕೆ ಇಳಿಯುವುದಿಲ್ಲ. ಇಂತಹ ಆಟವನ್ನು ಕಲಿಸುವವನು ಗಡಸು ದನಿಯವನೂ ನಿರ್ದಯನೂ ಆಗಿರಬೇಕೆಂಬುದು ಅಲ್ಲಿನ ಬಹುಜನರ ನಂಬಿಕೆಯಾಗಿತ್ತು.

ಗಲಾರ್ಡಿಯು 1926ರಲ್ಲಿ ಕೊಲರಾಡೊ ಸಂಸ್ಥಾನದ ಟ್ರಿನಿಡಾಡ್ ಎಂಬ ಊರಿನಲ್ಲಿ, ಇಟಲಿಯಿಂದ ವಲಸೆ ಬಂದವರ ಮನೆತನದಲ್ಲಿ ಹುಟ್ಟಿದನು. 1943ರಲ್ಲಿ ಆತನಿಗೆ ಹದಿನಾರು ವರ್ಷ. ಹೈಸ್ಕೂಲಿನ ತಂಡದಲ್ಲಿ ಆಟಗಾರ. ಆಗ ಮಹಾಯುದ್ಧದ ಕಾಲ. ತಂಡದ ಶಿಕ್ಷಕನನ್ನು ಸೈನ್ಯಕ್ಕೆ ಕರೆಸಿಕೊಂಡರು. ತಂಡವೇ ಮುರಿದುಹೋಗುವುದರಲ್ಲಿತ್ತು. ಈ ಹುಡುಗನು, ತಾನೇ ಕಲಿಸಿ ತಾನೇ ಆಡುವೆನೆಂದು ಶಾಲೆಯವರನ್ನು ಒಪ್ಪಿಸಿದನು. ಹಿಂದಿನ ಶಿಕ್ಷಕನ ಕಾಲದಲ್ಲಿ ಅಭ್ಯಾಸದ ವೇಳೆ ನೀರು ಕುಡಿಯುವುದು ನಿಷಿದ್ಧವಾಗಿತ್ತು. ಹುಡುಗನು ಆ ನಿಷೇಧವನ್ನು ತೆಗೆದುಹಾಕಿದನು. ಮೈ ದಣಿಸುವ ಕವಾಯತುಗಳನ್ನೂ ಕೈಬಿಟ್ಟನು. ತಂಡವು ಗೆಲ್ಲತೊಡಗಿತು. ಇದನ್ನು ಓದಿದಾಗ ನಾನು ಕನ್ನಡಕ ತೆಗೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು.

1949ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಮೊಂಟಾನದ ಕ್ಯಾರಲ್ ಕಾಲೇಜಿನಲ್ಲಿ ಉದ್ಯೋಗ. 1953ರಿಂದ ಮಿನ್ನೆಸೋಟದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ. ಹೆಸರಿಗೆ ವಿಶ್ವವಿದ್ಯಾಲಯವಾದರೂ ಅದು ಬೆನೆಡಿಕ್ಟ್ ಪಂಥದ ಸನ್ಯಾಸಿಗಳು 1857ರಲ್ಲಿ ಸ್ಥಾಪಿಸಿದ ಸಣ್ಣ ಕಾಲೇಜು. ಮಲೆನಾಡಿನ ನಮಗೆ ಪ್ರಿಯವಾಗುವಂತಹ ಸ್ಥಳ: ಸುತ್ತಲೂ ಕಾಡು, ಸರೋವರಗಳು, ತಗ್ಗಿನಲ್ಲಿ ಆಟದ ಬಯಲು. ದೊಡ್ಡ ವಿಶ್ವವಿದ್ಯಾಲಯಗಳಂತೆ ಆಟಗಾರರಿಗೆ ವಿದ್ಯಾರ್ಥಿವೇತನ ಕೊಟ್ಟು ಸೆಳೆದುಕೊಳ್ಳುವ ಕ್ರಮ ಇಂತಹ ಸಣ್ಣ ಕಾಲೇಜುಗಳ ವರ್ಗದಲ್ಲಿ ಇಲ್ಲ. ಓದಲು ಬಂದವರೇ ಆಡಬೇಕು. ಅಲ್ಲಿ ಆತನು ಅರುವತ್ತು ಋತುಗಳನ್ನು ಕಳೆದನು. ಮೊದಮೊದಲು ಮಂಜುಗಡ್ಡೆಯ ಮೇಲಿನ ಹಾಕಿಯನ್ನೂ ಕಲಿಸಬೇಕಾಗಿತ್ತಂತೆ. ಸಣ್ಣ ಶಾಲೆಯ ಮೇಷ್ಟರ ಪಾಡು ಎಲ್ಲೆಡೆಯೂ ಒಂದೇ!

ಆತನ ಪದ್ಧತಿಯೆಲ್ಲ ‘ಇಲ್ಲ’ಗಳ ಪಟ್ಟಿ. ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ನೆಲಕ್ಕೆ ಕೆಡಹುವುದಿಲ್ಲ. ಸೀಟಿ ಇಲ್ಲ. ಒಂದೂವರೆ ಗಂಟೆಗಿಂತ ಹೆಚ್ಚು ಅಭ್ಯಾಸವಿಲ್ಲ. ಸೊಳ್ಳೆ ಹೆಚ್ಚಾದರೆ, ಬಿಸಿಲು ಮೀರಿದರೆ ಅಭ್ಯಾಸವೇ ಇಲ್ಲ. ಬಂದವರಲ್ಲಿ ಯಾರನ್ನೂ ತಂಡದಿಂದ ಕಳುಹಿಸುವುದಿಲ್ಲ. ಹಾಗಾಗಿ ಒಮ್ಮೊಮ್ಮೆ ನೂರೈವತ್ತಕ್ಕೂ ಮಿಕ್ಕಿ ಹುಡುಗರು ಇರುತ್ತಿದ್ದರು. ಕಟ್ಟಕಡೆಗೆ, ಆತನನ್ನು ‘ಕೋಚ್’ ಎಂದು ಯಾರೂ ಕರೆಯಕೂಡದು, ‘ಜಾನ್’ ಎನ್ನಬೇಕು. ಈ ಕಡೆಯದು ಮಾತ್ರ ನನಗೆ ಇಂದಿಗೂ ಒಗ್ಗದು. ಗುರುವೆಂಬ ಶಬ್ದಕ್ಕೆ ಭಾರವುಳ್ಳವನು ಎಂದೂ ಅರ್ಥವುಂಟು. ಈತನೋ ಆ ಭಾರವನ್ನು ಬೇಕೆಂದೇ ಕೆಳಗಿಳಿಸಿದವನು.

ಈತನು ಗೆಲುವನ್ನು ಲಕ್ಷಿಸದ ವಿರಕ್ತನೆಂದು ಮಾತ್ರ ಭಾವಿಸಬಾರದು. ಒಂದೇ ನಡೆಯನ್ನು ಹತ್ತು ಸಲ, ಇಪ್ಪತ್ತು ಸಲ, ತಪ್ಪಿಲ್ಲದೆ ಬರುವವರೆಗೆ ಮಾಡಿಸುತ್ತಿದ್ದನು. ನಮ್ಮ ಪಾಠಶಾಲೆಗಳ ಆವೃತ್ತಿಯೇ ಅದು, ಬೆತ್ತವನ್ನು ಕಳೆದು. ಫಲವೇನೆಂದರೆ 489 ಗೆಲುವು, 138 ಸೋಲು, 11 ಸಮ. 1963, 1965, 1976, 2003ರಲ್ಲಿ ರಾಷ್ಟ್ರಮಟ್ಟದ ಪ್ರಶಸ್ತಿ. ಗ್ರ್ಯಾಂಬ್ಲಿಂಗ್ ಕಾಲೇಜಿನ ಎಡ್ಡಿ ರಾಬಿನ್ಸನ್ ಎಂಬ ಕೀರ್ತಿಶಾಲಿಯ 408 ಗೆಲುವುಗಳ ದಾಖಲೆಯನ್ನು 2003ರ ನವೆಂಬರಿನಲ್ಲಿ ದಾಟಿದನು. ಅದೇ ವರ್ಷದ ಅಂತಿಮ ಪಂದ್ಯದಲ್ಲಿ, ಸತತವಾಗಿ 55 ಪಂದ್ಯಗಳನ್ನು ಗೆದ್ದು ಬಂದಿದ್ದ ಮೌಂಟ್ ಯೂನಿಯನ್ ಕಾಲೇಜನ್ನು ಆತನ ಹುಡುಗರು 24–6ರಿಂದ ಸೋಲಿಸಿದರು. ಆಗ ಆತನಿಗೆ ಎಪ್ಪತ್ತೇಳು. ಕಡೆಯ ವರ್ಷಗಳು ಅಷ್ಟು ಚೆನ್ನಾಗಿರಲಿಲ್ಲ. 2012ರಲ್ಲಿ ಐದು ಗೆಲುವು, ಐದು ಸೋಲು. ಆ ವರ್ಷವೇ ಎಂಬತ್ತಾರನೆಯ ವಯಸ್ಸಿನಲ್ಲಿ ನಿವೃತ್ತನಾದನು. 2018ರ ಅಕ್ಟೋಬರಿನಲ್ಲಿ ತೀರಿಕೊಂಡನು.

ಆ ಆಟದಲ್ಲಿ ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟಿನಿಂದ ಮಿದುಳಿಗೆ ಕೇಡುಂಟಾಗುವುದೆಂಬುದನ್ನು ವೈದ್ಯರು ಈಚೆಗೆ ಒತ್ತಿ ಹೇಳುತ್ತಿದ್ದಾರೆ. ಡಾರ್ಟ್‌ಮತ್ ಕಾಲೇಜಿನವರು 2010ರಲ್ಲಿ ಅಭ್ಯಾಸದ ವೇಳೆ ಕೆಡಹುವುದನ್ನು ನಿಲ್ಲಿಸಿದರು. 2016ರಲ್ಲಿ ಅವರ ಕೂಟದ ಉಳಿದ ವಿಶ್ವವಿದ್ಯಾಲಯಗಳೂ ಪಂದ್ಯಗಳ ಋತುವಿನಲ್ಲಿ ಅದನ್ನು ಬಿಟ್ಟವು. ಗಲಾರ್ಡಿಯು ಇದನ್ನು ದಶಕಗಳ ಹಿಂದೆಯೇ ಬಿಟ್ಟಿದ್ದನು.

ಇನ್ನು ನನ್ನ ಮಾತು. ಬೆತ್ತವನ್ನು ನಿಷೇಧಿಸಿದ ಶಿಕ್ಷಣಹಕ್ಕಿನ ಕಾನೂನು 2010ರಲ್ಲಿ ಜಾರಿಗೆ ಬರುವವರೆಗೆ ನನ್ನ ಮೇಜಿನ ಮೇಲೆ ಅದು ಇದ್ದೇ ಇತ್ತು. ಬೆತ್ತವಿಲ್ಲದೆ ವಿಭಕ್ತಿಗಳು ನಾಲಗೆಗೆ ಬಾರವೆಂದು ಮನಃಪೂರ್ವಕವಾಗಿ ನಂಬಿದ್ದೆನು. ಮಿನ್ನೆಸೋಟದ ಶಿಷ್ಯನು ಹೊರಡುವಾಗ ಕಾಲಿಗೆರಗಿ ಎದ್ದನು. ‘ಹರಿ’ ಶಬ್ದದ ಷಷ್ಠೀ ವಿಭಕ್ತಿ ನೆನಪಿದೆಯೇ ಎಂದು ನಾನು ವಿನೋದಕ್ಕೆ ಕೇಳಿದೆನು. “ಮೇಷ್ಟ್ರೇ, ಬೆತ್ತ ನೆನಪಿದೆ, ಶಬ್ದ ಮರೆತುಹೋಗಿದೆ” ಎಂದು ನಕ್ಕನು. ಅವನ ಮಾತಿನಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲವೆಂದು ತೋರುತ್ತದೆ.

ಮಾರನೆಯ ದಿನ ತಮ್ಮನ ಮಗನನ್ನು ಕರೆದುಕೊಂಡು ಅವನ ಶಿಕ್ಷಕರನ್ನು ಕಂಡೆನು. ಮೂವತ್ತು ದಾಟದ ಯುವಕ, ಮರ್ಯಾದಸ್ಥ. ಗಲಾರ್ಡಿಯ ಕಥೆಯನ್ನು ಪೂರ್ತಿಯಾಗಿ ಕೇಳಿದರು. “ನಮ್ಮ ಮೇಷ್ಟರು ನಮಗೆ ಹೀಗೆಯೇ ಕಲಿಸಿದ್ದು ಸಾರ್” ಎಂದರು. ನನ್ನ ಬೆತ್ತಕ್ಕೂ ನಾನು ಹೇಳಿಕೊಳ್ಳುತ್ತಿದ್ದ ಕಾರಣ ಅದೇ ಆಗಿದ್ದುದರಿಂದ ಉತ್ತರ ತೋರದೆ ಮನೆಗೆ ಬಂದೆನು. ಎರಡು ದಿನ ಕಳೆದು ಹುಡುಗನು ಬಂದು ಸುದ್ದಿ ಹೇಳಿದನು: ಮೈದಾನದ ಅಂಚಿನಲ್ಲಿ ನೀರಿನ ಕ್ಯಾನು ಇಡಿಸಿದ್ದಾರಂತೆ, ಆದರೆ ಐದನೆಯ ಸುತ್ತು ಮುಗಿಯುವ ತನಕ ಮುಟ್ಟಕೂಡದಂತೆ. ಅವನು ಈಗ ದಿನವೂ ಹೋಗುತ್ತಿದ್ದಾನೆ.